ಮೇಲಿನ ಮನೆಗೆ ಬಂದ ರಿಮೋಟು

ಶ್ರೀನಗರದ ಮುನಿಲಕ್ಷ್ಮಮ್ಮನವರ ಮಹಡಿ ಮನೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅದನ್ನು ಎರಡು ಯುಗಗಳಾಗಿ ಭಾಗಿಸಬೇಕಾಗುತ್ತದೆ: ಮೇಲಿನ ಮನೆಗೆ ರಿಮೋಟು ಬರುವ ಮುಂಚಿನದು, ಬಂದ ನಂತರದ್ದು. ಬಾಡಿಗೆಗಿದ್ದ ಜಯದೇವಪ್ಪನವರಿಗೆ ಈ ವಿಷಯದಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಮೊದಲ ಯುಗದಲ್ಲಿ ಇಡೀ ಕಟ್ಟಡಕ್ಕೆ ಒಂದೇ ಸೆಟ್‌ಟಾಪ್ ಬಾಕ್ಸು, ಅದೂ ಕೆಳಗೆ ಓನರ್ ಮನೆಯಲ್ಲಿ. ಅಲ್ಲಿಂದ ಹೊರಟ ಒಂದು ವೈರು ಕಿಟಕಿ ದಾಟಿ, ನುಗ್ಗೆಮರವನ್ನು ಸವರಿಕೊಂಡು, ಮೇಲಿನ ಮನೆಯ ಟಿವಿಗೆ ಬಂದು ಸೇರುತ್ತಿತ್ತು. ಕೆಳಗೆ ಮುನಿಲಕ್ಷ್ಮಮ್ಮ ಯಾವ ಚಾನೆಲ್ ಒತ್ತುತ್ತಾರೋ ಮೇಲೆ ಜಯದೇವಪ್ಪನವರಿಗೂ ಅದೇ ಪ್ರಾಪ್ತಿ. ಮದುವೆ ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ ಆಗದೇ ಉಳಿದ, ಜಯನಗರದ ಪಂಪ್‌ಸೆಟ್ ಅಂಗಡಿಯೊಂದರ ಮ್ಯಾನೇಜರಾದ, ಐವತ್ತು ದಾಟಿದ ಈ ಮನುಷ್ಯ ಸಂಜೆ ಮನೆಗೆ ಬಂದು, ವಿಭೂತಿ ಹಚ್ಚಿಕೊಂಡು, ತಟ್ಟೆಗೆ ಅನ್ನ ಹಾಕಿಕೊಂಡು, ಇನ್ನೊಬ್ಬರ ಬೆರಳ ತುದಿಯಲ್ಲಿದ್ದ ಪ್ರಪಂಚವನ್ನು ನೋಡುತ್ತಿದ್ದರು.

ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ. ಜಾಹೀರಾತು ಬಂದ ಕೂಡಲೇ ತಟ್ಟೆ ಹಿಡಿದುಕೊಂಡೇ ಮೆಟ್ಟಿಲ ತುದಿಗೆ ಬಂದು ನಿಲ್ಲುತ್ತಿದ್ದರು. ಕೆಳಗೆ ಬಾಗಿಲು ತೆರೆದೇ ಇರುತ್ತಿತ್ತು.

"ಏನಮ್ಮಾ, ನಿಮ್ಮ ಸೀರಿಯಲ್ ಅತ್ತೆ ಮಲಗೋವಾಗ್ಲೂ ಕಾಸಿನ ಸರ ಹಾಕ್ಕೊಂಡಿರ್ತಾಳಲ್ಲ, ಮಗ್ಗುಲಾದ್ರೆ ಚುಚ್ಚಲ್ವಾ?"

"ಚುಚ್ಲಿ ಬುಡಿ ಸಾರ್. ಅವ್ಳು ಸೊಸೆಗೆ ಚುಚ್ಚಿರೋದು ಕಮ್ಮೀನಾ?"

ಕ್ವಿಜ್ ಕಾರ್ಯಕ್ರಮದ ಬಗ್ಗೆ ಅವರ ಅಭಿಪ್ರಾಯವೆಂದರೆ, ಅಲ್ಲಿ ಪ್ರಶ್ನೆಗಿಂತ ಕಣ್ಣೀರಿಗೇ ಹೆಚ್ಚು ಹೊತ್ತು ಕೊಡುತ್ತಾರೆ ಎಂಬುದು. ಹಾಗೆಂದರೂ ಸ್ಪರ್ಧಿ ಬಾಯಿ ತೆರೆಯುವ ಮುಂಚೆ ಮೇಲಿನಿಂದ ಉತ್ತರ ಕೂಗಿಬಿಡುವರು. ಅದು ತಪ್ಪಾದರೆ ಕೆಳಗಿನಿಂದ ಎಲೆ ಅಡಿಕೆ ತುಂಬಿದ ಬಾಯಿಯ ನಗು ಕೇಳಿಸುತ್ತಿತ್ತು. ಅಡುಗೆ ಕಾರ್ಯಕ್ರಮವಂತೂ ನಂಬಲರ್ಹವೇ ಅಲ್ಲ. ಇಷ್ಟು ವರ್ಷದಲ್ಲಿ ಒಬ್ಬನಾದರೂ ರುಚಿ ನೋಡಿ "ಉಪ್ಪು ಜಾಸ್ತಿ" ಎಂದದ್ದುಂಟೆ? ಇಬ್ಬರಿಗೂ ಅಚ್ಚುಮೆಚ್ಚಾದದ್ದು ಮಾತ್ರ ಡಬ್ ಆಗಿ ಬರುತ್ತಿದ್ದ ಆಕಾಶನೌಕೆಯ ಧಾರಾವಾಹಿ. ಅದರಲ್ಲಿ ಅನ್ಯಗ್ರಹದ ಹಸಿರು ಜೀವಿಗಳು ರಾಜ್ಯೋತ್ಸವದ ಭಾಷಣದಂಥ ಕನ್ನಡ ಆಡುತ್ತಿದ್ದವು. ಭೂಮಿಯ ಮೇಲೆ ಯಾರೂ ಮನೆಯಲ್ಲಿ ಹೀಗೆ ಮಾತಾಡುವುದಿಲ್ಲವಾದ್ದರಿಂದ ಅವು ಹೊರಗಿನವೇ ಸೈ ಎಂದು ಜಯದೇವಪ್ಪ ಒಪ್ಪಿಕೊಂಡಿದ್ದರು.

"ಅಷ್ಟೊಂದ್ ವರ್ಸ ಹಾರ್ತಾನೇ ಅವ್ರಲ್ಲ ಸಾರ್, ಬಟ್ಟೆ ಎಲ್ಲಿ ಒಣಗಾಕ್ತಾರೆ?" ಎಂದು ಮುನಿಲಕ್ಷ್ಮಮ್ಮ ಒಮ್ಮೆ ಕೇಳಿದರು. ಮರುದಿನವೆಲ್ಲ ಅಂಗಡಿಯಲ್ಲಿ ಜಯದೇವಪ್ಪ ಅದನ್ನೇ ಯೋಚಿಸಿದರು. ಅವರ ದಿನಕ್ಕೆ ಅಂಥದ್ದೊಂದು ಪ್ರಶ್ನೆ ಸಾಕಾಗುತ್ತಿತ್ತು; ಬೇರೆ ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ, ಮೋಟಾರಿನ ವಾರಂಟಿ ಒಂದನ್ನು ಬಿಟ್ಟು.

ಒಂದು ಸಂಜೆ ಅವರು ಎಂದಿನಂತೆ ಗೊಣಗಿದರು: "ಬಾಡಿಗೆಯವನಿಗೆ ಒಂದು ಹಕ್ಕು ಬೇಡ್ವೇನಮ್ಮಾ? ಇದೇ ಗೋಳು ಎಷ್ಟು ದಿನ ನೋಡ್ಲಿ?" ಗೊಣಗುವುದು ಅವರಿಗೆ ಕ್ಷೇಮಸಮಾಚಾರ ಕೇಳುವ ಒಂದು ಬಗೆ. ಮುನಿಲಕ್ಷ್ಮಮ್ಮನಿಗೆ ಅದು ಗೊತ್ತಿತ್ತು. ಅಂದು ಬೇಗ ಮನೆಗೆ ಬಂದಿದ್ದ ಅವರ ಮಗ ದೀಪಕ್‌ಗೆ ಗೊತ್ತಿರಲಿಲ್ಲ. ಭಾನುವಾರ ಅವನು ಹೊಸ ಬಾಕ್ಸು, ಅದರ ರಿಮೋಟು ಹಿಡಿದು ಮೆಟ್ಟಿಲು ಹತ್ತಿದ.

"ಅಂಕಲ್, ಇದು ನಿಮ್ಗೇ. ಸಪರೇಟ್ ಕನೆಕ್ಷನ್."

"ಅಯ್ಯೋ, ಬೇಡಪ್ಪಾ."

"ಪರ್ವಾಗಿಲ್ಲ ಅಂಕಲ್."

"ನಿಜವಾಗ್ಲೂ ಬೇಡ ಕಣಪ್ಪಾ."

"ಸಂಕೋಚ ಎಲ್ಲ ಬಿಡಿ ಅಂಕಲ್. ಅಮ್ಮನ್ನ ಸಹಿಸ್ಕೊಂಡಿದ್ದೇ ಹೆಚ್ಚು!"

"ಬೇಡ ಅಂದ್ನಲ್ಲ..."

ನಮ್ಮಲ್ಲಿ ಕಾಫಿಯನ್ನೂ ಮೂರು ಸಲ ಬೇಡ ಎನ್ನದೆ ಮರ್ಯಾದಸ್ಥರು ಯಾರೂ ಮುಟ್ಟುವುದಿಲ್ಲ. ನಿಜಕ್ಕೂ ಬೇಡವಾದವನು ಏನನ್ನಬೇಕು ಎಂಬುದನ್ನು ಹಿರಿಯರು ಹೇಳಿಕೊಟ್ಟಿಲ್ಲ. ಮೂರನೆಯ ಬೇಡಕ್ಕೆ ಸರಿಯಾಗಿ ದೀಪಕ್ ಹಳೆಯ ವೈರನ್ನು ಕಿತ್ತ.

ಎರಡನೆಯ ಯುಗ ಶುರುವಾಯಿತು. ಜಯದೇವಪ್ಪ ಕ್ವಿಜ್ ಹಾಕಿ, ಕಷ್ಟದ ಪ್ರಶ್ನೆಯೊಂದಕ್ಕೆ ಸರಿಯುತ್ತರ ಕೊಟ್ಟು, ಮೆಟ್ಟಿಲಿಗೆ ಓಡಿದರು. "ನೋಡಿದ್ರಾ? ಹೇಳ್ದೆ ನಾನು!"

"ಏನ್ ಸಾರ್? ನಾನು ಸಿನಿಮಾ ಹಾಕಿವ್ನಿ."

ಆಮೇಲೆ ಅವರು ಮೆಟ್ಟಿಲಲ್ಲಿ ನಿಂತು ಕೆಳಗಿನ ಸದ್ದಿಗೆ ಕಿವಿಗೊಟ್ಟು, ಒಳಗೆ ಹೋಗಿ ಅದೇ ಚಾನೆಲ್ ಹುಡುಕತೊಡಗಿದರು. ಆಕಾಶನೌಕೆ ಸಿಕ್ಕಿತು. ಆದರೆ ಹೊಸ ಬಾಕ್ಸು ಕೆಳಗಿನದಕ್ಕಿಂತ ಕೊಂಚ ನಿಧಾನ. ಕೆಳಗಿನಿಂದ "ಅಯ್ಯೋ, ಬಿದ್ದ!" ಎಂಬ ಕೂಗು ಬಂತು, ಅವರ ಪರದೆಯಲ್ಲಿ ಕ್ಯಾಪ್ಟನ್ ಇನ್ನೂ ನೆಟ್ಟಗೆ ನಿಂತಿದ್ದ. ಆಮೇಲೆ ಬಿದ್ದ. ಜಯದೇವಪ್ಪ ಎದ್ದು ಹೋಗಿ ಅದರ ಮೇಲೊಂದು ತಮಾಷೆಯ ಮಾತು ಹೇಳಿದರು.

"ಆಗ್ಲೇ ನಕ್ಕಾಯ್ತು ಸಾರ್," ಎಂದರು ಮುನಿಲಕ್ಷ್ಮಮ್ಮ.

ಕೆಲವು ದಿನ ಅವರು ಮೆಟ್ಟಿಲಿಗೆ ಬರಲಿಲ್ಲ. ಒಂದು ಸಂಜೆ ಬಟ್ಟೆ ತೆಗೆಯಲು ಬಂದಾಗ, ಕೆಳಗೆ ಮುನಿಲಕ್ಷ್ಮಮ್ಮ ಸೊಸೆ ಶೃತಿಗೆ ಹೇಳುತ್ತಿದ್ದುದು ಕೇಳಿಸಿತು: "ಸಾರು ಈಗ ಆರಾಮಾಗವ್ರೆ, ಪಾಪ. ಉಸ್ರೇ ಇಲ್ಲ. ಈ ಸೀರಿಯಲ್ಲೇ ಯಾಕೋ ಸಪ್ಪೆ ಆಗೋಯ್ತು ಕಣೆ."

ಜಯದೇವಪ್ಪ ಒಳಗೆ ಹೋಗಿ ಬಾಕ್ಸಿನ ಹಿಂದಿನ ಪಿನ್ನನ್ನು ಮೆಲ್ಲಗೆ ಎಳೆದರು. ಟಿವಿ ಕಪ್ಪಾಯಿತು. ಕೆಳಗಿಳಿದು ಬಾಗಿಲಲ್ಲಿ ನಿಂತರು.

"ದೀಪಕ್, ಬಾಕ್ಸು ಕೆಟ್ಟೋಯ್ತಪ್ಪಾ. ಹಳೇ ವೈರನ್ನೇ ಹಾಕ್ಬಿಡು. ನಂಗೇನೂ ಬೇಜಾರಿಲ್ಲ."

"ಅದು ಈಗ ಶೃತಿ ರೂಮ್ ಟಿವಿಗೆ ಹೋಗಿದೆ ಅಂಕಲ್. ಇರಿ, ನೋಡ್ತೀನಿ."

ಅವನು ಹತ್ತಿ ಬಂದ. ಬಗ್ಗಿ ಬಾಕ್ಸಿನ ಹಿಂದೆ ಕೈಹಾಕಿದ. "ಪಿನ್ ಲೂಸಾಗಿತ್ತು, ಅಷ್ಟೇ," ಎಂದು ಒತ್ತಿ ಕೂರಿಸಿ, ಮತ್ತೆ ಕಳಚದಂತೆ ಟೇಪನ್ನೂ ಸುತ್ತಿದ.

"ಬಂತಾ ಸಾರ್?" ಕೆಳಗಿನಿಂದ ಮುನಿಲಕ್ಷ್ಮಮ್ಮ ಕೂಗಿದರು.

"ಬಂತಮ್ಮಾ," ಎಂದರು ಜಯದೇವಪ್ಪ.

ಚಿತ್ರ ಸ್ವಚ್ಛವಾಗಿಯೇ ಬರುತ್ತಿತ್ತು.