ಹಿಂದಿನ ನರದ ಸೀಸೆ

೧೯೭೪ರ ಮಾರ್ಚ್ ೧೨, ಮಂಗಳವಾರ, ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷ. ಅದು ನನ್ನ ಎರಡನೆಯ ಹುಟ್ಟು. ಅದಕ್ಕೂ ಮೊದಲು ನಾನು ಪೆನಿಸಿಲಿನ್ ಪುಡಿ ತುಂಬಿಕೊಂಡು ಬಂದ ಬೆರಳುದ್ದದ ಗಾಜಿನ ಸೀಸೆ. ಖಾಲಿಯಾದ ನನ್ನನ್ನು ಹುಬ್ಬಳ್ಳಿಯ ಆಸ್ಪತ್ರೆಯೊಂದರ ನರ್ಸ್ ಸುಗುಣಾಬಾಯಿ ಕುದಿಸಿ, ಒಳಗಿಟ್ಟದ್ದು ಕೆಡದಂತೆ ಫಾರ್ಮಲಿನ್ ಹಾಕಿ, 'ಹಿಂದಿನ ನರ' ಎಂದು ಚೀಟಿ ಅಂಟಿಸಿದರು. ಪಕ್ಕದ ಸೀಸೆಗೆ 'ಮುಂದಿನ ನರ'.

ಆಪರೇಷನ್ ಮೇಜಿನ ಮೇಲೆ ಬಸ್ ಡ್ರೈವರ್ ಬಾಳಪ್ಪ ಮಲಗಿದ್ದ. ಹೊಟ್ಟೆಯ ಹುಣ್ಣು ಆರು ವರ್ಷದಿಂದ ಅವನನ್ನು ತಿನ್ನುತ್ತಿತ್ತು. ಜಠರದಲ್ಲಿ ಆಮ್ಲ ಸುರಿಸುವ ನರ ಅನ್ನನಾಳದ ಮುಂದೊಂದು, ಹಿಂದೊಂದು ಇಳಿಯುತ್ತದೆ. ಎರಡನ್ನೂ ಕತ್ತರಿಸಬೇಕು, ಕತ್ತರಿಸಿದ್ದು ನರವೇ ಎಂದು ಪ್ರಯೋಗಾಲಯ ನೋಡಿ ಹೇಳಬೇಕು. ಹಿಂದಿನದು ಸುಲಭಕ್ಕೆ ಸಿಗುವುದಿಲ್ಲ. ಡಾಕ್ಟರ್ ಕುಷ್ಟಗಿ ಬೆರಳಿನಿಂದ ತಡಕಿ, ಎಳೆಯೊಂದನ್ನು ಕತ್ತರಿಸಿ ನನ್ನೊಳಗೆ ಬಿಟ್ಟರು.

ಸಂಜೆ ಬಾಳಪ್ಪನ ಹೆಂಡತಿ ನೀಲವ್ವ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಯಪ್ಪಾ, ಇಷ್ಟ ದಾರದೆಳಿ ಆರು ವರ್ಷ ನನ್ನ ಗಂಡನ್ನ ಕಾಡಿತೇನ್ರೀ?"

"ಹೌದವ್ವ. ಚಿಂತಿ ಹೊಟ್ಟಿಗೆ ಇಳಿಯೋ ದಾರಿ ಇದು. ಕಡಿದಾತು," ಎಂದರು ಡಾಕ್ಟರ್.

"ಹಂಗಾರ ನನಗ ಕೊಡ್ರೀ. ಅವರ ಮೈಯಾಗಿಂದು ಮೋರಿ ಪಾಲಾಗಬಾರದು. ಮಣ್ಣು ಮಾಡ್ತೀನಿ."

"ಸರ್, ಲ್ಯಾಬಿಗೆ..." ಎಂದರು ಸುಗುಣಾಬಾಯಿ.

"ಮುಂದಿಂದು ಹೋಗ್ಲಿ, ಸಾಕು. ಇದು ಆಕಿಗಿರ್ಲಿ." ಡಾಕ್ಟರರದು ಮೆತ್ತನೆಯ ಮನಸ್ಸು.

ಮಣ್ಣು ಮಾಡಲು ಬಾಳಪ್ಪನೇ ಬಿಡಲಿಲ್ಲ. "ಮಾಡದಾಗ ಇರ್ಲಿ ಬಿಡಲೇ, ಅದರ ಮುಂದನ ದಿನಾ ಖಾರ ತಿಂದು ತೋರಸ್ತೀನಿ!" ಗೋಡೆಯ ಮಾಡದಲ್ಲಿ ಕುಳಿತು ನೋಡಿದೆ: ರೊಟ್ಟಿ, ಕೆಂಪು ಚಟ್ನಿ, ಅವನ ನಗು.

ಒಂದೂವರೆ ವರ್ಷದ ಬಳಿಕ ಅವನು ಮತ್ತೆ ಹೊಟ್ಟೆ ಒತ್ತಿಕೊಳ್ಳತೊಡಗಿದ. ನೀಲವ್ವ ದವಾಖಾನೆಗೆ ನಡಿ ಎಂದಾಗಲೆಲ್ಲ ನನ್ನತ್ತ ಕೈ ತೋರಿಸುತ್ತಿದ್ದ. "ನರಾನ ಅಲ್ಲಿ ಕುಂತೈತಿ. ಹುಣ್ಣು ಎಲ್ಲಿಂದ ಬರತೈತಿ? ಇದು ಬರೇ ವಾಯು." ಒಂದು ಮಧ್ಯಾಹ್ನ ಗದಗ ದಾರಿಯಲ್ಲಿ ಬಸ್ಸು ನಿಲ್ಲಿಸಿ, ಕೆಳಗಿಳಿದು ರಕ್ತ ಕಾರಿದ. ಆಸ್ಪತ್ರೆಗೆ ತಲುಪಲಿಲ್ಲ.

ಸೂತಕದ ದಿನಗಳು ಮುಗಿದ ಮೇಲೆ ನೀಲವ್ವ ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಡಾಕ್ಟರರ ಬಳಿ ಬಂದಳು. "ನರಾ ಇಲ್ಲದ ಹೆಂಗ ಬಂತ್ರೀ?"

ಅಂದು ಮೊದಲ ಬಾರಿಗೆ ನನ್ನೊಳಗಿನ ಎಳೆ ಸೂಕ್ಷ್ಮದರ್ಶಕದ ಕೆಳಗೆ ಹೋಯಿತು. ಡಾಕ್ಟರ್ ಮುಚ್ಚಿಡಲಿಲ್ಲ.

"ತಪ್ಪು ನಂದವ್ವ. ಅವತ್ತ ಕಳಿಸಿದ್ರ ತಿಳೀತಿತ್ತು."

"ಬೇಡಿ ಇಸ್ಕೊಂಡಾಕಿ ನಾನ ಅಲ್ಲೇನ್ರೀ?" ಎಂದಳು ನೀಲವ್ವ.

ನನ್ನನ್ನು ಮಣ್ಣು ಮಾಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಡಾಕ್ಟರ್ ನಿವೃತ್ತರಾಗುವವರೆಗೆ ಅವರ ಮೇಜಿನ ಮೇಲಿದ್ದೆ. ಈಗ ರಬ್ಬರ್ ಮುಚ್ಚಳ ಬಿರಿದು ಕಪಾಟಿನ ಮೂಲೆಯಲ್ಲಿದ್ದೇನೆ. ಗಾಜಾದ ನಾನು ಒಳಗಿನದನ್ನು ಎಂದೂ ಮರೆಮಾಡಿದವನಲ್ಲ. ಆದರೆ ಆ ಮನೆಯಲ್ಲಿ ಎಲ್ಲರೂ ಓದಿದ್ದು ನನ್ನ ಚೀಟಿಯನ್ನು.

ಹಳೆಯ ಚೀಟಿಯ ಮೇಲೆ ಡಾಕ್ಟರ್ ಅಂಟಿಸಿದ ಹೊಸದು ಇನ್ನೂ ಇದೆ: ಅನ್ನನಾಳದ ಸ್ನಾಯು. ನರವಿಲ್ಲ. ಉದ್ದ ಹದಿನಾಲ್ಕು ಮಿಲಿಮೀಟರ್.