ಶೀಘ್ರ ಹರಳು ಸಿದ್ಧಾಂತದ ಅಳಿಯ

ಕಲ್ಲು ಕರಗಿಸಿ ಹೆಸರು ಮಾಡಿದವರನ್ನು ನೀವು ನೋಡಿರಲಿಕ್ಕಿಲ್ಲ. ಈ ಕತೆಯ ಮಾವನವರು ಅಂಥವರು. ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಎದುರಿಗೆ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಹರಳಪ್ಪ ಎನ್ನುತ್ತಿದ್ದರು. ಅವರ ಅಳಿಯ ಮಾತ್ರ ಅವರ ಕೈಕೆಳಗೇ ಕೆಲಸಕ್ಕಿದ್ದುದರಿಂದ ಬೆನ್ನ ಹಿಂದೆಯೂ ಸರ್ ಎನ್ನಬೇಕಾದ ಕರ್ಮ ಅವನದು.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಹೇಳುವುದು ಸುಲಭ. ಹರಳಪ್ಪನವರು ಹೇಳಿದರೆ ಮಾತ್ರ ಕಷ್ಟವಾಗುತ್ತಿತ್ತು. ಜ್ವಾಲಾಮುಖಿಯಿಂದ ಹರಿದ ಲಾವಾ ತಣಿದು ಬಸಾಲ್ಟ್ ಎಂಬ ಕಪ್ಪು ಕಲ್ಲಾಗುತ್ತದೆ. ನಿಧಾನವಾಗಿ ತಣಿದರೆ ಒಳಗೆ ಹರಳು ಹುಟ್ಟಿ ದೊಡ್ಡದಾಗುತ್ತದೆ. ತೀರಾ ಬೇಗ ತಣಿದರೆ ಹರಳಿಗೆ ಹುಟ್ಟಲು ಪುರುಸೊತ್ತು ಸಿಗದೆ ಎಲ್ಲ ಗಾಜಾಗಿಬಿಡುತ್ತದೆ. ಹರಿಯುವ ಲಾವಾದೊಳಗೆ ಇಣುಕಿ ನೋಡುವ ಧೈರ್ಯ ಯಾರಿಗೂ ಇಲ್ಲದ್ದರಿಂದ ವಿಜ್ಞಾನಿಗಳು ಕಲ್ಲನ್ನು ಪುಡಿಮಾಡಿ, ಪುಟ್ಟ ಪ್ಲಾಟಿನಂ ಬಟ್ಟಲಿಗೆ ತುಂಬಿ, ಫರ್ನೇಸಿನಲ್ಲಿ ಕರಗಿಸಿ, ಬೇಕಾದ ವೇಗದಲ್ಲಿ ತಣಿಸುತ್ತಾರೆ. ಆಮೇಲೆ ಸಿಕ್ಕ ಗಟ್ಟಿಯನ್ನು ಕೂದಲಿಗಿಂತ ತೆಳ್ಳಗೆ ಅರೆದು, ಗಾಜಿನ ಪಟ್ಟಿಗೆ ಅಂಟಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಯಾವ ಹರಳು ಎಷ್ಟು ಬೆಳೆದಿದೆ ಎಂದು ಅಳೆಯುತ್ತಾರೆ.

ಹರಳಪ್ಪನವರು ಪ್ರಾಯದಲ್ಲಿ ಕಂಡುಹಿಡಿದದ್ದು ಶೀಘ್ರ ಹರಳು ಸಿದ್ಧಾಂತ. ಅವರ ಫರ್ನೇಸಿನಲ್ಲಿ ಲಾವಾ ಎಷ್ಟೇ ಬೇಗ ತಣಿಯಲಿ, ಉದ್ದುದ್ದ ಬಿಳಿ ಹರಳುಗಳು ದಂಡಿಯಾಗಿ ಹುಟ್ಟುತ್ತಿದ್ದವು. ಬೇರೆ ಯಾರ ಫರ್ನೇಸಿನಲ್ಲೂ ಹುಟ್ಟುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯನಿಗೆ ತನ್ನ ಫರ್ನೇಸಿನ ಮೇಲೆ ಅನುಮಾನ ಬರುತ್ತದೆ. ಹರಳಪ್ಪನವರಿಗೆ ಊರವರ ಕೈಗುಣದ ಮೇಲೆ ಬಂತು. ದೂರದ ಇನ್ನೊಂದು ಪ್ರಯೋಗಾಲಯದ ಮುಖ್ಯಸ್ಥೆ, ತನಗೆ ಎಷ್ಟು ಸಲ ಮಾಡಿದರೂ ಬರೀ ಗಾಜೇ ಬರುತ್ತಿದೆ ಎಂದು ಬರೆದರೆ, ಇವರು ಅಚ್ಚಾದ ಲೇಖನದಲ್ಲೇ 'ತಾಳ್ಮೆಯ ಕೊರತೆ' ಎಂದು ಉತ್ತರ ಕೊಟ್ಟರು. ಬೇಗ ಹುಟ್ಟುವ ಹರಳಿಗೆ ತಾಳ್ಮೆ ಯಾಕೆ ಬೇಕು ಎಂದು ಕೇಳುವ ಎದೆಗಾರಿಕೆ ಯಾರಿಗಿತ್ತು?

ಆ ಹರಳಪ್ಪನವರು ಈಗ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ಅಳಿಯನಿಗೆ ಎಂಬುದು ಬಹುಮಟ್ಟಿಗೆ ಮಾತಾಗಿತ್ತು. ಮದುವೆಗೆ ಮುಂಚೆ ಸೇರಿದ ಅಳಿಯ ಇವತ್ತಿಗೂ ಹಂಗಾಮಿ ಸಂಶೋಧಕ. ವರ್ಷವರ್ಷವೂ ಅವನ ಕೆಲಸವನ್ನು ಮಾವನವರ ಸಹಿಯೇ ಮುಂದುವರಿಸಬೇಕು. ಆ ಕುರ್ಚಿಯೊಂದು ಸಿಕ್ಕರೆ ತಾನೂ ಒಬ್ಬ ಮನುಷ್ಯನಾಗಿ ತಲೆಯೆತ್ತಿ ಓಡಾಡಬಹುದು ಎಂಬುದು ಅವನ ಒಂದೇ ಆಸೆ. ಅದು ತಪ್ಪು ಆಸೆಯೂ ಅಲ್ಲ.

ಬೀಳ್ಕೊಡುಗೆಗೆಂದು ಸಂಸ್ಥೆ ಹೊಸ ಫರ್ನೇಸ್ ತರಿಸಿ, ಅದಕ್ಕೆ ಮಾವನವರ ಹೆಸರಿನ ಹಿತ್ತಾಳೆ ಫಲಕ ಹೊಡೆಸಿತು. ಸಮಾರಂಭದ ದಿನ ಅದರಲ್ಲೇ, ಎಲ್ಲರ ಕಣ್ಣೆದುರು, ಆ ಹೆಸರಾಂತ ಪ್ರಯೋಗವನ್ನು ಮತ್ತೆ ಮಾಡಿ ತೋರಿಸುವುದು ಎಂದಾಯಿತು. ಭಾಷಣ ಮುಗಿಯುವುದರೊಳಗೆ ಹರಳು ಹುಟ್ಟಬೇಕು. ಭಾಷಣಗಳ ಉದ್ದ ಗೊತ್ತಿದ್ದವರಿಗೆ ಇದರಲ್ಲಿ ಶೀಘ್ರವೇನಿದೆ ಎಂದು ಅನ್ನಿಸಿರಬೇಕು. ಗಾಜು ಗಾಜೆಂದು ಗೋಳಾಡಿದ್ದ ಆ ಮುಖ್ಯಸ್ಥೆಯನ್ನೂ ಬೇಕೆಂದೇ ಕರೆಸಿ, ಮುಂದಿನ ಸಾಲಿನಲ್ಲಿ ಜಾಗ ಇಡಿಸಿದರು. ಹೊಟ್ಟೆ ಉರಿಸುವುದಕ್ಕೆ ಮುಂದಿನ ಸಾಲಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಅಳಿಯನಿಗೆ ಎರಡು ಕೆಲಸ ಬಿತ್ತು: ಹೊಸ ಫರ್ನೇಸ್ ನಡೆಸುವುದು, ಗೋಡೆಗೆ ಹಾಕಲು ಹಳೆಯ ಹರಳುಗಳ ಒಳ್ಳೊಳ್ಳೆಯ ಚಿತ್ರ ತೆಗೆಯುವುದು. ಎರಡನೆಯದೇ ಅವನನ್ನು ಕೆಡಿಸಿತು.

ಹಳೆಯ ಪಟ್ಟಿಯೊಂದನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಪಟ್ಟಿ ಕೂತಿದ್ದ ದುಂಡು ತಟ್ಟೆಯನ್ನು ಮೆಲ್ಲಗೆ ತಿರುಗಿಸಿದ. ಆ ಮೈಕ್ರೋಸ್ಕೋಪಿನ ವಿಶೇಷ ಬೆಳಕಿನಲ್ಲಿ ಹಾಗೆ ತಿರುಗಿಸಿದಾಗ, ಒಂದೇ ಸಲಕ್ಕೆ ಹುಟ್ಟಿದ ಹರಳು ಇಡಿಯಾಗಿ ಒಮ್ಮೆಲೇ ಕಪ್ಪಾಗಬೇಕು. ಇದು ಆಗಲಿಲ್ಲ. ನಡುವಿನಲ್ಲಿ ಒಂದು ದುಂಡನೆಯ ಬೊಟ್ಟು ಮೊದಲು ಕಪ್ಪಾಯಿತು, ಸುತ್ತಲಿನದು ಆಮೇಲೆ. ಬೊಟ್ಟಿನ ಅಂಚು ಇಲಿ ಕಡಿದ ಹಾಗೆ ಸವೆದಿತ್ತು. ಇನ್ನೊಂದು ಹರಳು ನೋಡಿದ, ಅದರಲ್ಲೂ ಬೊಟ್ಟು. ಇನ್ನೊಂದು ಪಟ್ಟಿ, ಅದರಲ್ಲೂ. ಆ ಬೊಟ್ಟುಗಳು ಹೊಸದಾಗಿ ಹುಟ್ಟಿದವಲ್ಲ. ಅವು ಮೂಲ ಕಲ್ಲಿನ ಹಳೆಯ ಹರಳುಗಳ ಚೂರು, ಪೂರ್ತಿ ಕರಗದೆ ಉಳಿದವು. ಅವುಗಳ ಮೇಲೆಯೇ ಹೊಸ ಪದರ ಬೇಗ ಬೇಗ ಕೂತಿತ್ತು. ಅಂದರೆ ಸರ್ ಯಾವತ್ತೂ ಕಲ್ಲನ್ನು ಸರಿಯಾಗಿ ಕರಗಿಸಿಯೇ ಇರಲಿಲ್ಲ! ಮೊಸರಿನ ಪಾತ್ರೆ ತೊಳೆಯದೆ ಹಾಲು ಹಾಕಿ, ಹೆಪ್ಪಿಲ್ಲದೆ ಹಾಲು ಮೊಸರಾಯಿತು ಎಂದು ಜಗತ್ತಿಗೆಲ್ಲ ಸಾರಿದ ಹಾಗಾಗಿತ್ತು.

ಹಳೆಯ ಫರ್ನೇಸಿನ ಹಿಂಬದಿ ಬಿಚ್ಚಿ ನೋಡಿದ. ಶಾಖ ಅಳೆಯುವ ತಂತಿ ಬಟ್ಟಲಿನ ಹತ್ತಿರ ಇರುವ ಬದಲು, ಫರ್ನೇಸನ್ನು ಕಾಯಿಸುವ ಸರಳಿಗೆ ಒರಗಿಕೊಂಡು ಆರಾಮವಾಗಿತ್ತು. ಮೀಟರು ತೋರಿಸುತ್ತಿದ್ದದ್ದು ಸರಳಿನ ಬಿಸಿ. ಕಲ್ಲಿಗೆ ಮುಟ್ಟುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ.

ಅವನ ಹೆಂಡತಿ ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಎಲ್ಲ ಕೇಳಿಸಿಕೊಂಡು ಕೇಳಿದಳು: "ಅಪ್ಪನಿಗೆ ಹೇಳಿದ್ರಾ?"

"ಹೇಗೆ ಹೇಳೋದು? ಬಿಸಿ ತುಪ್ಪ. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ."

"ಹೇಗೆ ಅಂದ್ರೆ? ಬಾಯಲ್ಲಿ. ಸಮಾರಂಭಕ್ಕೆ ಮುಂಚೆ ಹೇಳಿ. ಬೈತಾರೆ, ಬೈಸ್ಕೊಳ್ಳಿ. ತಪ್ಪು ಕಂಡುಹಿಡಿದೋರು ನೀವು ಅಂತಾದ್ರೂ ಆಗುತ್ತೆ."

"ಕುರ್ಚಿ?"

"ಅದು ನಿಮಗೆ ಬಿಟ್ಟಿದ್ದು," ಎಂದು ಅವಳು ಉತ್ತರಪತ್ರಿಕೆಗಳ ಕಡೆ ತಿರುಗಿದಳು.

ಭಾನುವಾರ ಮಾವನ ಮನೆಯಲ್ಲಿ ಊಟ. ಅಳಿಯ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು ಹೋಗಿದ್ದ. ಅದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅರ್ಧ ಖಾಲಿಯಾಯಿತು, ತಟ್ಟೆಯ ಮುಂದೆ ಕೂತಾಗ ಇನ್ನರ್ಧ.

"ಮಾವ, ಆ ಹಳೇ ಫರ್ನೇಸಿನ ತಂತಿ ಇದೆಯಲ್ಲ, ಅದು ಸ್ವಲ್ಪ..."

"ಸ್ವಲ್ಪ ಏನು?" ಮಾವನವರು ತುತ್ತು ಕೈಯಲ್ಲೇ ಹಿಡಿದು ನೋಡಿದರು.

"ಸ್ವಲ್ಪ ಹಿಂದಕ್ಕೆ ಸರಿದ ಹಾಗಿದೆ. ಕಲ್ಲು ಪೂರ್ತಿ ಕರಗೋದು... ಅಂದ್ರೆ, ಈಗೇನೂ ತೊಂದರೆ ಇಲ್ಲ. ಹೊಸದು ಬಂದಿದೆಯಲ್ಲ."

"ಊಟದ ಹೊತ್ತಲ್ಲಾದ್ರೂ ಕಲ್ಲು ಬಿಡಿ," ಎಂದರು ಅತ್ತೆ. ಅಳಿಯ ಕೃತಜ್ಞತೆಯಿಂದ ಬಿಟ್ಟುಬಿಟ್ಟ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಆಡಿ, ತಾನು ಹೇಳಿಯಾಯಿತು ಎಂದು ತನ್ನನ್ನೇ ನಂಬಿಸಿಕೊಂಡ. ಮಾವನವರು ಮಾತ್ರ ಆ ತುತ್ತನ್ನು ತುಂಬ ಹೊತ್ತು ಅಗಿದರು.

ಉಳಿದದ್ದು ಹೊಸ ಫರ್ನೇಸಿನ ಗುಂಡಿಗಳು. ಅಲ್ಲಿ ತಂತಿ ಬಟ್ಟಲಿಗೆ ತಾಗಿಕೊಂಡೇ ಇತ್ತು, ಸುಳ್ಳು ಹೇಳುವಂತಿರಲಿಲ್ಲ. ಶಾಖವನ್ನು ಸ್ವಲ್ಪ ಕಡಿಮೆ ಇಟ್ಟರೆ ಹಳೆಯ ಚೂರುಗಳು ಉಳಿಯುತ್ತವೆ, ಹರಳು ಬರುತ್ತದೆ, ಮಾವ ಗೆಲ್ಲುತ್ತಾರೆ, ಕುರ್ಚಿ ಸಿಗುತ್ತದೆ, ತಾನು ಸಾಯುವ ತನಕ ಒಂದು ಸುಳ್ಳಿನ ಕಾವಲು ಕಾಯಬೇಕಾಗುತ್ತದೆ. ಲೇಖನದಲ್ಲಿ ಬರೆದಷ್ಟೇ ಇಟ್ಟರೆ ಗಾಜು ಬರುತ್ತದೆ. ಆಗ ಯಾರು ತನ್ನನ್ನು ಬೈಯುವಂತಿದೆ? ಸರ್ ಬರೆದದ್ದನ್ನು ಚಾಚೂ ತಪ್ಪದೆ ಮಾಡಿದ್ದು. ಸತ್ಯ ತಾನಾಗಿಯೇ ಹೊರಗೆ ಬರುತ್ತದೆ, ಸರ್ ತಲೆತಗ್ಗಿಸಿ ಮನೆಗೆ ಹೋಗುತ್ತಾರೆ, ಕುರ್ಚಿ ಹೇಗೂ ಖಾಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಜುಬುರುಕನಿಗೆ ವಿಧೇಯತೆಯಷ್ಟು ಒಳ್ಳೆಯ ಆಯುಧ ಇನ್ನೊಂದಿಲ್ಲ. ಅವನು ಲೇಖನ ತೆರೆದಿಟ್ಟುಕೊಂಡು, ಅದರಲ್ಲಿದ್ದ ಅಂಕಿಗಳನ್ನೇ ಒಂದೊಂದಾಗಿ ಒತ್ತಿದ.

ಸಮಾರಂಭ ಪ್ರಯೋಗಾಲಯದ ಪಕ್ಕದ ದೊಡ್ಡ ಕೋಣೆಯಲ್ಲಿ. ಗಾಜಿನ ಗೋಡೆಯಾಚೆ ಫರ್ನೇಸ್ ಕೆಂಪಗಿತ್ತು. ಸಂಸ್ಥೆಯ ನಿರ್ದೇಶಕರು ಹೊಗಳಿದರು. ಹಳೆಯ ವಿದ್ಯಾರ್ಥಿಗಳು ಹೊಗಳಿದರು. ಮಾವನವರು ತಮ್ಮನ್ನು ತಾವೇ, ಬೇರೆ ಯಾರಿಂದಲೂ ಆಗದಷ್ಟು ಚೆನ್ನಾಗಿ ಹೊಗಳಿಕೊಂಡರು. ಮುಖ್ಯಸ್ಥೆ ಕೈ ಕಟ್ಟಿಕೊಂಡು ಕೂತಿದ್ದರು. ಕೊನೆಗೆ ಅಳಿಯ ಉದ್ದನೆಯ ಇಕ್ಕಳದಲ್ಲಿ ತಣಿದ ಬಟ್ಟಲನ್ನು ಹೊರತೆಗೆದು, ಈಚೆ ತಂದು ಮೇಜಿನ ಮೇಲಿಟ್ಟ. ಹರಳು ಹುಟ್ಟಿದ್ದರೆ ಬಟ್ಟಲಿನಲ್ಲಿದ್ದ ಗಟ್ಟಿ ಬೂದುಬಣ್ಣಕ್ಕಿದ್ದು, ಒಳಗೆ ಬಿಳಿ ಕಡ್ಡಿಗಳು ಕಾಣಬೇಕಿತ್ತು. ಅದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು, ನಿರ್ದೇಶಕರ ಬೋಳುತಲೆ ಅದರಲ್ಲಿ ಚೆನ್ನಾಗಿ ಕಾಣಿಸುತ್ತಿತ್ತು.

ಮುಖ್ಯಸ್ಥೆ ಎದ್ದು ಬಂದು ಬಗ್ಗಿ ನೋಡಿದರು. "ಗಾಜು," ಎಂದರು. "ನನಗೆ ಪ್ರತಿ ಸಲ ಬರೋದು ಇದೇ."

ಅಳಿಯ ನೆಲ ನೋಡುತ್ತಿದ್ದ. ಪಾಪ ಅನಿಸಿದ್ದು ಒಂದು ಪಾಲಾದರೆ ಖುಷಿ ಮೂರು ಪಾಲು. ಮಾವನವರು ಕನ್ನಡಕ ತೆಗೆದರು. ಒರೆಸಿದರು. ಅಳಿಯನ ಕಡೆ ಒಮ್ಮೆ ನೋಡಿದರು. ಕನ್ನಡಕವನ್ನು ಮತ್ತೆ ಹಾಕಿಕೊಳ್ಳುವ ಹೊತ್ತಿಗೆ ಅವರು ಬೇರೆ ಮನುಷ್ಯರಾಗಿದ್ದರು.

"ಸ್ನೇಹಿತರೇ," ಎಂದರು ಮೈಕಿನಲ್ಲಿ, ಗಂಟಲು ತುಂಬಿ ಬಂದವರ ಹಾಗೆ. "ಈ ಗಾಜಿಗೋಸ್ಕರ ನಾನು ಎಷ್ಟು ವರ್ಷ ಕಾದಿದ್ದೀನಿ ಗೊತ್ತಾ? ಹಳೇ ಫರ್ನೇಸಿನಲ್ಲಿ ತಂತಿ ಹಿಂದಕ್ಕೆ ಸರಿದಿತ್ತೇನೋ, ಕಲ್ಲು ಪೂರ್ತಿ ಕರಗುತ್ತಿರಲಿಲ್ಲವೇನೋ ಅಂತ ನನ್ನನ್ನ ಒಂದು ಅನುಮಾನ ಕೊರೀತಾ ಇತ್ತು. ಅದಕ್ಕೇ ಹೊಸದು ತರಿಸಿದ್ದು. ಅದಕ್ಕೇ ಎಲ್ಲರನ್ನೂ ಕರೆಸಿದ್ದು. ನನ್ನ ಸಿದ್ಧಾಂತಾನ ನಾನೇ, ನನ್ನ ಕೈಯಾರೆ ಒಡೀಬೇಕಿತ್ತು. ವಿಜ್ಞಾನ ಅಂದ್ರೆ ಇದೇ."

ಕೋಣೆಯ ತುಂಬ ಚಪ್ಪಾಳೆ ಬಿತ್ತು. ಎಷ್ಟೋ ಜನ ಎದ್ದು ನಿಂತರು. ಇದು ತಪ್ಪಲ್ಲ, 'ಸ್ವಯಂ ಪರಿಷ್ಕರಣೆ' ಎಂದರು ನಿರ್ದೇಶಕರು. ಅಳಿಯ ಅಲ್ಲ ಮಗಳ ಗಂಡ ಎಂದ ಹಾಗೆ. ಮುಖ್ಯಸ್ಥೆಯ ಕಣ್ಣೂ ಒದ್ದೆಯಾಯಿತು. ಇಷ್ಟು ದೊಡ್ಡವರು ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವುದೆಂದರೆ ಸಣ್ಣ ಮಾತೇ ಎಂದು ಅವರು ಮಾವನವರ ಕೈ ಹಿಡಿದುಕೊಂಡರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಇಲ್ಲಿ ಮಣ್ಣಿಗೇ ಮೀಸೆ ಬಂದಂತಿತ್ತು.

ನಿರ್ದೇಶಕರು ಆ ಬಿಸಿಯಲ್ಲೇ ಇನ್ನೊಂದು ಮಾತು ಸೇರಿಸಿದರು. ಇಂಥ ಮಹತ್ವದ ತಿರುವಿನಲ್ಲಿ ಸರ್ ಅವರನ್ನು ಕಳಿಸಿಕೊಡುವುದು ಸಂಸ್ಥೆಗೆ ಶೋಭೆಯಲ್ಲ. ಹಳೆಯ ಹರಳುಗಳನ್ನೆಲ್ಲ ಮತ್ತೆ ಪರೀಕ್ಷಿಸಲು ಅವರ ಸೇವೆಯನ್ನು ಇನ್ನೂ ಮೂರು ವರ್ಷ ಮುಂದುವರಿಸಲಾಗುವುದು. ಮತ್ತೆ ಚಪ್ಪಾಳೆ.

"ಗುಂಡಿ ಒತ್ತಿದ ನಮ್ಮ ಅಳಿಯನಿಗೂ ಒಂದು ಚಪ್ಪಾಳೆ," ಎಂದರು ಮಾವನವರು. ಅದೂ ಬಿತ್ತು. ತೆಳ್ಳಗೆ.

ಮನೆಗೆ ಬಂದವನು ಬೂಟು ಸಹ ಬಿಚ್ಚದೆ ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಕೂಡ ಅವನಿಗೆ ಸರಿಯಾಗಿ ಒಪ್ಪುತ್ತಿರಲಿಲ್ಲ. ತುತ್ತನ್ನು ಅವನೇ ಕಲಸಿ ಮಾವನ ಬಾಯಿಗಿಟ್ಟಿದ್ದ.

"ಅದನ್ನ ಕಂಡುಹಿಡಿದೋನು ನಾನು ಕಣೇ," ಎಂದ.

"ಗೊತ್ತು. ಯಾರಿಗೆ ಹೇಳಿದ್ರಿ?"

"ನಿನಗೆ ಹೇಳಿದ್ದೆ. ಅವತ್ತು ಮಾವನಿಗೂ ಊಟದಲ್ಲಿ..."

"ಅವರಿಗೆ ನೀವು ಹೇಳಲಿಲ್ಲ, ಎತ್ತಿಕೊಟ್ರಿ. ಬಾಯಿ ಬಿಟ್ಟು ಹೇಳಿದ್ರೆ ನಿಮ್ಮ ಮಾತಾಗ್ತಿತ್ತು. ಫರ್ನೇಸ್ ಕೈಲಿ ಹೇಳಿಸಿದ್ರಿ. ಫರ್ನೇಸಿನ ಮೇಲೆ ಯಾರ ಹೆಸರಿದೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕನಿಕರವಿತ್ತು, ಅದರಿಂದ ಅವನಿಗೆ ಅಳು ಬರುವಷ್ಟು ನಾಚಿಕೆಯಾಯಿತು.

ಅಷ್ಟರಲ್ಲಿ ಫೋನು ಬಂತು. ಮಾವನವರು. ದನಿಯ ವಯಸ್ಸು ಇಪ್ಪತ್ತು ವರ್ಷ ಇಳಿದಿತ್ತು.

"ಹೊಸ ಲೇಖನ ಬೇಗ ಹೋಗಬೇಕು ಕಣಯ್ಯಾ. ತಂತಿಯದ್ದು, ಆ ಕರಗದ ಚೂರುಗಳದ್ದು, ಎಲ್ಲ ಹುಡುಕಿ ನೀನೇ ಬರೆದುಬಿಡು. ಮೊದಲನೇ ವಾಕ್ಯ ಮಾತ್ರ ನಾನು ಹೇಳ್ತೀನಿ, ಬರ್ಕೋ. 'ಈ ವಿಷಯದಲ್ಲಿ ನನಗೆ ಬಹಳ ದಿನಗಳಿಂದ ಅನುಮಾನವಿತ್ತು, ಆದರೆ ಹೇಳಲು ಸರಿಯಾದ ಸಮಯಕ್ಕಾಗಿ ಕಾಯುತ್ತಿದ್ದೆ.' ಬರ್ಕೊಂಡ್ಯಾ?"

ಹೆಂಡತಿ ಒಂದು ಪೆನ್ನು ತಂದು ಅವನ ಮುಂದಿಟ್ಟಳು. ಅಳಿಯ ಬರೆದುಕೊಂಡ. ಒಂದಕ್ಷರವೂ ತಿದ್ದಬೇಕಾಗಿರಲಿಲ್ಲ, ಅಷ್ಟೂ ಅವನದೇ ಕತೆ.