ಮಾವ ತೋರಿಸಿದ ದಾರಿ

ಜೂನ್ ಬಂತೆಂದರೆ ಮುಂಬಯಿಯ ಚೆಂಬೂರಿನ ನಮ್ಮ ಕಾಲನಿಯ ತಾಯಿತಂದೆಯರೆಲ್ಲ ಫಾರ್ಮ್ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದರು. ನಾನು ಗುರುಬಸವ, ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತ. ಮೇಷ್ಟ್ರೂ ಅಲ್ಲ, ಏಜೆಂಟನೂ ಅಲ್ಲ. ಆದರೆ ಕಾಲೇಜಿಗೆ ಹೋಗುವ ದಾರಿಗಳೆಲ್ಲ ನನಗೆ ಬಾಯಿಪಾಠ. ಹನ್ನೆರಡನೆಯದು ಮುಗಿಸಿ ಹೋಗುವವರು, ಡಿಪ್ಲೊಮಾ ಮಾಡಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ನುಗ್ಗುವವರು, ಹಗಲು ದುಡಿದು ನೈಟ್ ಕಾಲೇಜು ಸೇರುವವರು, ಮನೆಯಲ್ಲೇ ಕೂತು ಮುಕ್ತ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುವವರು. ಯಾರಿಗೆ ಯಾವುದು ಸರಿ ಎಂದು ಮಾರ್ಕ್ಸ್‌ಕಾರ್ಡ್ ನೋಡಿದ ಕೂಡಲೇ ಹೇಳಿಬಿಡುತ್ತಿದ್ದೆ. ಯಾರಾದರೂ ಎದುರಾಡಿದರೆ, "ಹಂಗಾರ ನಿಮಗ ತಿಳಿದಂಗ ಮಾಡ್ಕೋರಿ" ಎಂದು ಫಾರ್ಮನ್ನು ಅವರತ್ತಲೇ ತಳ್ಳುತ್ತಿದ್ದೆ. ಆ ಧಿಮಾಕು ಈಗ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನನ್ನ ತಂಗಿ ನಾಗವ್ವ ಮುಲುಂಡಿನಲ್ಲಿದ್ದಾಳೆ. ಅವಳ ಗಂಡ ಸಂಗಪ್ಪ ಅಲ್ಲಿನ ಹೌಸಿಂಗ್ ಸೊಸಾಯಿಟಿಯೊಂದರ ಪಂಪು, ಲಿಫ್ಟು ನೋಡಿಕೊಳ್ಳುತ್ತಾನೆ. ಅವರ ಮಗಳು ಶಿವಕುಮಾರಿ ಹತ್ತರಲ್ಲಿ ಶೇಕಡಾ ತೊಂಬತ್ಮೂರು ತೆಗೆದಳು. ಅವಳಿಗೆ ಡಾಕ್ಟರಾಗುವ ಆಸೆ, ಬೇರೆ ಮಾತೇ ಇಲ್ಲ.

"ಇಲ್ಲೇ ಮುಲುಂಡದಾಗ ಕಾಲೇಜ್ ಅದಾವಲ್ರಿ. ಕೂಸು ಕಣ್ಣಮುಂದ ಇರ್ಲಿ" ಎಂದ ಸಂಗಪ್ಪ.

"ಲೋಕಲ್‌ದಾಗ ನೇತಾಡಿ ಕ್ಲಾಸಿಗೆ ಹೋದ್ರ ಡಾಕ್ಟರ್ ಆಗ್ತಾಳೇನು?" ಎಂದು ನಾನು ಗದರಿದೆ. "ಧಾರವಾಡಕ್ಕ ಕಳಸು. ಹಾಸ್ಟೆಲ್ ಅದ, ಛಲೋ ಕೋಚಿಂಗ್ ಅದ. ಹಿಂದಿ ಬಡಬಡಿಸೋದು ಬಿಟ್ಟು ನಮ್ಮ ಮಾತರ ಕಲೀತಾಳ."

ನಾಗವ್ವ ಗಂಡನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಣ್ಣ ಅಂದ ಮ್ಯಾಲ ಮುಗೀತು" ಎಂದಳು. ಹುಡುಗಿ ಧಾರವಾಡದಲ್ಲಿ ಪಿಯುಸಿ ಸೇರಿದಳು.

ಮುಂಬಯಿ ಕನ್ನಡಿಗರಾದ ನಮಗೊಂದು ಭ್ರಮೆಯಿದೆ. ಇಲ್ಲಿಯೂ ನಾವೇ, ಅಲ್ಲಿಯೂ ನಾವೇ ಎಂದುಕೊಂಡಿರುತ್ತೇವೆ. ರೇಷನ್ ಕಾರ್ಡು ಇಲ್ಲಿ, ಮನೆದೇವರು ಅಲ್ಲಿ. ಸೀಟು ಹಂಚುವವರ ಪುಸ್ತಕದಲ್ಲಿ ಹಾಗೆ ಇರುವುದಿಲ್ಲ. ನಾನು ಆ ಪುಸ್ತಕ ಓದಿರಲಿಲ್ಲ. ಓದಿದ್ದೇನೆ ಎಂದು ಎಲ್ಲರೂ ನಂಬಿದ್ದರು, ನಂಬಲಿ ಎಂದು ನಾನೂ ಬಿಟ್ಟಿದ್ದೆ.

ಮೊದಲ ವರ್ಷದ ದೀಪಾವಳಿಗೆ ಶಿವಕುಮಾರಿ ಫೋನು ಮಾಡಿದಳು. "ಮಾವಾ, ಹಾಸ್ಟೆಲ್‌ದಾಗ ಒಬ್ಬಾಕಿ ಹೇಳ್ತಾಳ, ಮಹಾರಾಷ್ಟ್ರದ ಸೀಟ್ ಬೇಕಂದ್ರ ಹನ್ನೆರಡನೇದೂ ಅಲ್ಲೇ ಪಾಸಾಗಬೇಕಂತ. ನಾ ವಾಪಸ್ ಬರ್ಲೇನು?"

"ಆಕಿಗೆ ಜಾಸ್ತಿ ತಿಳೀತದೋ, ನನಗೋ? ಸುಮ್ಮ ಕುಂತು ಓದು" ಎಂದು ಫೋನಿಟ್ಟೆ. ಆಗಿನ್ನೂ ಕಾಲ ಮಿಂಚಿರಲಿಲ್ಲ. ಒಂದು ಸಂಜೆ ಕೂತು ನಿಯಮ ಓದಿದ್ದರೆ ಸಾಕಿತ್ತು. ಅವಳು ಮತ್ತೆ ಕೇಳಲಿಲ್ಲ.

ನೀಟ್ ಫಲಿತಾಂಶ ಬಂತು. ಹುಡುಗಿ ತನ್ನ ಕೆಲಸವನ್ನು ಸೊಗಸಾಗಿ ಮಾಡಿದ್ದಳು. ಹಿಂದಿನ ವರ್ಷ ಅದಕ್ಕಿಂತ ಕಡಿಮೆ ಬಂದವರಿಗೂ ಇಲ್ಲಿ ಸರಕಾರಿ ಸೀಟು ಸಿಕ್ಕಿತ್ತು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಅವಳನ್ನು ಕರೆದುಕೊಂಡು, ದಾದರಿನ ಕಡೆ ಕಾಗದಪತ್ರ ನೋಡುವ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹೆಂಗಸು ಪಿಯುಸಿ ಅಂಕಪಟ್ಟಿಯನ್ನು ಎರಡು ಸಲ ತಿರುವಿ ನೋಡಿ ಹಿಂದಕ್ಕೆ ಕೊಟ್ಟಳು. ಹತ್ತೂ ಹನ್ನೆರಡೂ ಎರಡೂ ಮಹಾರಾಷ್ಟ್ರದಲ್ಲೇ ಆಗಿರಬೇಕು, ರಾಜ್ಯದ ಕೋಟಾ ಇವಳಿಗೆ ಸಿಗುವುದಿಲ್ಲ ಎಂದಳು. ನಾನು ಕೂಗಾಡಿದೆ. ಹುಟ್ಟಿದ್ದು ಮುಲುಂಡಿನಲ್ಲಿ ಎಂದೆ. ಆಕೆ ಪಾಪ, ನಿಯಮದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು.

ದೇಶಕ್ಕೆಲ್ಲ ಒಂದೇ ಆದ ಕೋಟಾಕ್ಕೆ ಅವಳ ಅಂಕ ಸಾಲದು, ಖಾಸಗಿ ಕಾಲೇಜು ನಮ್ಮ ಕೈಗೆ ಎಟುಕದು. ಹೊರಗೆ ಮೆಟ್ಟಿಲ ಮೇಲೆ ಕೂತು ಅವಳು ಮೊಬೈಲಿನಲ್ಲಿ ಕರ್ನಾಟಕದ ನಿಯಮ ಹುಡುಕಿದಳು. ಅಲ್ಲಿ ಇವಳು ಓದಿದ್ದು ಎರಡೇ ವರ್ಷ. ಆದರೆ ಹೆತ್ತವರಲ್ಲಿ ಒಬ್ಬರು ಕರ್ನಾಟಕದ ಶಾಲೆಯಲ್ಲಿ ಏಳು ವರ್ಷ ಕಲಿತಿದ್ದರೆ ದಾರಿಯಿತ್ತು.

"ಅಪ್ಪ ನಾಕನೇತ್ತೆಗೇ ಸಾಲಿ ಬಿಟ್ಟಾನ. ಅವ್ವ ಎಷ್ಟು ಕಲ್ತಾಳ ಮಾವಾ?"

ನನಗೆ ಗೊತ್ತಿತ್ತು. ನಾಗವ್ವನನ್ನು ಐದನೆಯದಕ್ಕೆ ಶಾಲೆ ಬಿಡಿಸಿದರು. ನಮ್ಮವ್ವ ಹಾಸಿಗೆ ಹಿಡಿದಿದ್ದಳು, ನಾನು ವಿಜಯಪುರದ ಹೈಸ್ಕೂಲಿಗೆ ಬೆಳಗಿನ ಬಸ್ಸು ಹಿಡಿಯಬೇಕಿತ್ತು, ರೊಟ್ಟಿ ಬಡಿಯಲು ಯಾರಾದರೂ ಬೇಕಿತ್ತು. ನಾನೂ ಹೌದೆಂದಿದ್ದೆ. ಆ ರೊಟ್ಟಿ ಕಟ್ಟಿಕೊಂಡು ನಾನು ಮೆಟ್ರಿಕ್ ಮುಗಿಸಿದೆ.

"ಐದು" ಎಂದೆ. ಅವಳು ಮೊಬೈಲು ಚೀಲಕ್ಕೆ ಹಾಕಿಕೊಂಡಳು.

ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ಕುರ್ಲಾ ದಾಟಿದ ಮೇಲೆ ಅವಳೇ ಮಾತಾಡಿದಳು. ಎರಡು ವರ್ಷದಲ್ಲಿ ಅವಳ ಕನ್ನಡ ಚೆನ್ನಾಗಿ ಪಳಗಿತ್ತು. ನನ್ನ ಸಲಹೆಯಿಂದ ಆದ ಲಾಭ ಅಷ್ಟೇ.

"ಮಾರ್ಕ್ಸ್ ಸಾಲಲಿಲ್ಲ ಅಂತ ಮನ್ಯಾಗ ಹೇಳ್ತೀನಿ. ನೀವು ನಡುವ ಮಾತಾಡಬ್ಯಾಡ್ರಿ."

"ಯಾಕವ್ವಾ?"

"ಅಪ್ಪಗ ಖರೇ ಗೊತ್ತಾದ್ರ ನಿಮ್ಮನ್ನ ಹೊಸ್ತಿಲಾ ತುಳಿಯಾಕ ಬಿಡಂಗಿಲ್ಲ. ಅವ್ವಗ ತವರು ಅಂತ ಇರೋದು ನೀವೊಬ್ರೇ."

ಘಾಟ್ಕೋಪರ್ ಬಂತು, ವಿಕ್ರೋಳಿ ಬಂತು, ಭಾಂಡುಪ್ ಬಂತು. ಬೇಡ ಕೂಸೇ, ತಪ್ಪು ನನ್ನದು, ನಾನೇ ಹೇಳುತ್ತೇನೆ ಎನ್ನಲು ಅಷ್ಟು ಹೊತ್ತು ಧಾರಾಳವಾಗಿತ್ತು. ಹದಿನೆಂಟು ವರ್ಷದ ಹುಡುಗಿಯ ಮಾತು ಕೇಳಿ ನನಗೆ ಮೊದಲು ಆದದ್ದು ನಾಚಿಕೆಯಲ್ಲ, ನೆಮ್ಮದಿ. ಅದನ್ನು ಇವತ್ತಿಗೂ ಯಾರ ಹತ್ತಿರವೂ ಹೇಳಿಲ್ಲ.

ಮನೆಯಲ್ಲಿ ಅವಳು ಹೇಳಿದಂತೆಯೇ ಹೇಳಿದಳು. ಸಂಗಪ್ಪ ಅವಳ ಅಂಕಪಟ್ಟಿಯನ್ನು ಮಡಚಿ ಟ್ರಂಕಿನಲ್ಲಿಟ್ಟ. ಆಮೇಲೆ, "ಹೋಗ್ಲಿ, ಇನ್ನೊಂದು ವರ್ಷ ಬರಿ. ಡಬಲ್ ಡ್ಯೂಟಿ ಮಾಡ್ತೀನಿ" ಎಂದ.

ಎಷ್ಟು ಸಲ ಬರೆದರೂ ಹನ್ನೆರಡನೆಯದು ಧಾರವಾಡದ್ದೇ. ಅದು ಅವಳಿಗೆ ಗೊತ್ತು, ನನಗೆ ಗೊತ್ತು.

"ಬ್ಯಾಡಪ್ಪಾ. ನನಗ ಓದಿ ಓದಿ ಸಾಕಾಗ್ಯದ. ಇಲ್ಲೇ ಬಿ.ಎಸ್ಸಿ. ಸೇರ್ತೀನಿ" ಎಂದಳು.

ಸಂಗಪ್ಪ ಮಗಳಿಗೆ ಎಂದೂ ದನಿಯೆತ್ತಿದವನಲ್ಲ. ಅಂದು ಎತ್ತಿದ. "ಸಾಕಾತಾ? ನಾವಿಲ್ಲಿ ಹೊಟ್ಟಿ ಕಟ್ಟಿ ಓದಿಸಿದ್ವಿ, ನಿನಗ ಸಾಕಾತಾ?"

ನಾಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಣ್ಣಾ, ಸಿಟ್ಟಾಗಬ್ಯಾಡ. ನೀ ಎಷ್ಟು ಓಡಾಡಿದಿ ಆಕಿ ಸಲುವಾಗಿ. ನಾವು ಓದಿಲ್ಲ, ಆಕಿಗೂ ನನ್ನ ತಲೀನ ಬಂದದ." ಮತ್ತೆ ಮಗಳಿಗೆ ಹೇಳಿದಳು, "ನಿಂತು ನೋಡ್ತಿ ಏನ? ಮಾವನ ಶ್ರಮಾ ಮಣ್ಣು ಮಾಡಿದಿ. ಕಾಲಿಗೆ ಬಿದ್ದು ತಪ್ಪಾತು ಅನ್ನು."

ಶಿವಕುಮಾರಿ ಬಂದು ಬಗ್ಗಿದಳು. "ತಪ್ಪಾತು ಮಾವಾ" ಎಂದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ಬಿಡವ್ವಾ" ಎಂದೆ.